ಅತ್ತದ್ದು ಯಾತಕ್ಕೆ?

ಸಿನಿಮಾ ವಿಮರ್ಶಕ ಅತ್ತುಬಿಟ್ಟಿದ್ದ, ಅದೂ ಒಂದು ಕಳಪೆ ಸಿನಿಮಾಕ್ಕೆ. ಪಕ್ಕದಲ್ಲಿ ಕೂತಿದ್ದ ಅಕ್ಕ ಅದನ್ನು ಕಣ್ಣಾರೆ ನೋಡಿದ್ದಳು.

"ಯಾಕೋ ಅತ್ತೆ? ಆ ಹೀರೋ ದೋಣೀಲಿ ಕೂತು ಸುಮ್ನೆ ಆಕಾಶ ನೋಡ್ತಿದ್ದ, ಅಷ್ಟೇ ತಾನೆ?"

"ನೀನೂ ಅತ್ಯಲ್ಲ!"

"ಯಾಕೆ ಅಂತ ಗೊತ್ತಾಗ್ತಿಲ್ಲ ಕಣೋ."

ವಿಮರ್ಶಕನಿಗೆ ತಲೆ ಕೆಟ್ಟಿತು. ಸಂಜೆಯೊಳಗೆ ಪತ್ರಿಕೆಗೆ ವಿಮರ್ಶೆ ಕಳಿಸಬೇಕು. ಅತ್ತದ್ದನ್ನು ಮುಚ್ಚಿಟ್ಟರೆ ಸುಳ್ಳು. ಬರೆದರೆ ಆ ಸಿನಿಮಾವನ್ನು ಹೊಗಳಿದಂತೆ. ಆ ಚಿತ್ರಮಂದಿರದ ಕುರ್ಚಿಗಳು ದೃಶ್ಯಕ್ಕೆ ತಕ್ಕಂತೆ ಅಲುಗಾಡುತ್ತಿದ್ದವು. ಅವನ ಅನುಮಾನ ಅವುಗಳ ಮೇಲೆ ತಿರುಗಿತು.

ಮುಂದಿನ ಆಟಕ್ಕೆ ಇನ್ನೂ ಹೊತ್ತಿತ್ತು. ಅವನು ಪರಿಚಯದ ಆಪರೇಟರನ್ನು ಹಿಡಿದು ಕೇಳಿಕೊಂಡ. "ಆ ದೋಣಿ ಸೀನ್ ಇನ್ನೊಂದ್ಸಲ ಹಾಕ್ರಿ. ಕುರ್ಚಿ ಮಾತ್ರ ಅಲ್ಲಾಡೋದು ಬೇಡ."

ಹೀರೋ ಮತ್ತೆ ಆಕಾಶ ನೋಡಿದ. ವಿಮರ್ಶಕನಿಗೆ ಆಕಳಿಕೆ ಬಂತು. ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ, ಈ ಮುಖ ನೋಡ್ಕೊಂಡು ಅತ್ವಾ ನಾವು!"

"ಈಗ ಸಿನಿಮಾ ಬೇಡ, ಬರೀ ಕುರ್ಚಿ" ಎಂದ ವಿಮರ್ಶಕ.

ಆಪರೇಟರ್ ಇಬ್ಬರನ್ನೂ ಒಮ್ಮೆ ವಿಚಿತ್ರವಾಗಿ ನೋಡಿ, ಹೋಗಿ ಗುಂಡಿ ಒತ್ತಿದ. ತೆರೆ ಬೆಳ್ಳಗೆ ಉಳಿಯಿತು. ಕುರ್ಚಿ ಮೆಲ್ಲಗೆ ಎದ್ದಿತು, ಇಳಿಯಿತು. ಎದ್ದಿತು, ಇಳಿಯಿತು. ತುಸು ನಿಂತು, ಮತ್ತೆ ಶುರುವಾಯಿತು. ವಿಮರ್ಶಕ ಕೆನ್ನೆ ಮುಟ್ಟಿ ನೋಡಿಕೊಂಡ.

"ಬಂತು ಅಕ್ಕಾ, ಅಳು ಬಂತು!" ಎಂದ, ಕಳ್ಳನನ್ನು ಹಿಡಿದವನ ಖುಷಿಯಲ್ಲಿ.

ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಹಾಗೆಯೇ ಕೂತು ಹೇಳಿದಳು. "ಇದು ಅಮ್ಮ ಕಣೋ. ಹೊಲಿಗೆ ಮೆಷಿನ್ ತುಳೀತಿದ್ಲಲ್ಲ, ಆಗ ಅವಳ ತೊಡೆ ಹಿಂಗೇ ಮೇಲೆ ಕೆಳಗೆ ಆಗೋದು. ಒಂದ್ ಕಡೆ ನಾನು ತಲೆ ಇಟ್ಟು ಮಲಗ್ತಿದ್ದೆ. ಇನ್ನೊಂದ್ ಕಡೆ ನೀನು, ನಿಂತ್ಕೊಂಡೇ ನಿದ್ದೆ ಹೋಗ್ತಿದ್ದೆ. ದಾರ ಕಿತ್ತೋದಾಗ ಮಾತ್ರ ಕಾಲು ನಿಲ್ಲಿಸೋಳು."

ವಿಮರ್ಶಕನ ಖುಷಿ ಇಳಿಯಿತು. ಅಮ್ಮ ತೀರಿಕೊಂಡಾಗ ಅವನಿಗಿನ್ನೂ ಮಾತೇ ಸರಿಯಾಗಿ ಬರುತ್ತಿರಲಿಲ್ಲ. ಮನೆಯಲ್ಲಿ ಅವಳದೊಂದು ಫೋಟೋ ಕೂಡ ಇರಲಿಲ್ಲ. ಅವಳ ನೆನಪೇ ತನಗಿಲ್ಲ ಎಂದು ಅವನು ನಂಬಿದ್ದ.

"ಸಾಕಾ ಸಾರ್? ನಿಲ್ಲಿಸ್ಲಾ?" ಹಿಂದಿನಿಂದ ಆಪರೇಟರ್ ಕೂಗಿದ.

ವಿಮರ್ಶಕ ಬೇಡವೆಂದು ಕೈಯಾಡಿಸಿದ. ಕುರ್ಚಿ ಏಳುತ್ತಿತ್ತು, ಇಳಿಯುತ್ತಿತ್ತು.

"ಅಕ್ಕಾ, ಅವಳ ಮುಖ ಹೇಗಿತ್ತು?" ಎಂದು ಕೇಳಿದ, ಬಿಳಿಯ ತೆರೆಯಿಂದ ಕಣ್ಣು ಕೀಳದೆ.