ದೀಪ ಹಾಕಿದಾಗ ಹಾರನ್ ಇಲ್ಲ

“ಕಾಲು ತೆಗೀರಿ ಅಪ್ಪಾಜಿ,” ಎಂದಳು ಪುಷ್ಪಲತಾ. ಆಕ್ಸಿಲರೇಟರ್ ಮೇಲಿಟ್ಟ ಕಾಲನ್ನು ದೇವೀರಪ್ಪ ತೆಗೆಯಲಿಲ್ಲ.

ಜಾವಗಲ್ಲಿನ ಬಸವಣ್ಣನ ಗುಡಿಯಿಂದ ಮದುವೆಯ ಮೆರವಣಿಗೆ ಆಗಷ್ಟೇ ಹೊರಟಿತ್ತು. ಮುಂದೆ ಓಲಗ, ಹಿಂದೆ ನೆಂಟರು, ನಡುವೆ ಮೈತುಂಬ ಬಣ್ಣದ ಬಲ್ಬು ಹೊತ್ತ ಕಪ್ಪು ಕಾರು. ದೇವೀರಪ್ಪನ ಅಪ್ಪ ಐವತ್ತೇಳನೇ ಇಸವಿಯಲ್ಲಿ ಕೊಬ್ಬರಿ ವ್ಯಾಪಾರ ಕುದುರಿದಾಗ ಕೊಂಡ ಕಾರು. ಅರಸೀಕೆರೆ ಸುತ್ತಿನ ಎಷ್ಟೋ ಹೆಣ್ಣುಮಕ್ಕಳು ಇದರಲ್ಲೇ ಕೂತು ಮದುವೆಗೆ ಹೋಗಿದ್ದರು. ಕಾರಿನ ಮನೆಯ ಮುತ್ತೈದೆ ಮದುಮಗಳ ಪಕ್ಕದಲ್ಲಿ ಕೂರುವುದು ಅತ್ತೆಯ ಕಾಲದಿಂದ ಬಂದ ರೂಢಿ. ಹಾಗಾಗಿ ಹಿಂದಿನ ಸೀಟಿನಲ್ಲಿ ದೇವೀರಪ್ಪನ ಹೆಂಡತಿ ಶಾಂತಾದೇವಿ. ಮುಂದೆ ಗಂಡ, ಮಗಳು. ಶಾಂತಾದೇವಿಯ ಕಣ್ಣೆಲ್ಲ ಗಂಡನ ಬಲಗಾಲಿನ ಮೇಲೆ.

ಹಳೆಯ ಡೈನಮೋ ಇಂಜಿನ್ ಜೋರಾಗಿ ತಿರುಗಿದರೆ ಮಾತ್ರ ಕರೆಂಟು ಕೊಡುತ್ತಿತ್ತು. ಮೆರವಣಿಗೆಯದೋ ಆಮೆನಡಿಗೆ. ದಾರಿಯುದ್ದಕ್ಕೂ ಕ್ಲಚ್ ಒತ್ತಿಕೊಂಡು ಇಂಜಿನ್ ಗುರುಗುಟ್ಟಿಸುತ್ತಲೇ ಇರಬೇಕಿತ್ತು. ಕಾಲು ಸಡಿಲಿಸಿದರೆ ಬಲ್ಬು ಮಂಕು. ಹಾರನ್ ಒತ್ತಿದರೆ ಕತ್ತಲೆ. ‘ದೀಪ ಹಾಕಿದಾಗ ಹಾರನ್ ಇಲ್ಲ’ ಎಂಬುದು ಆ ಮನೆಯ ಕಟ್ಟಳೆಯೇ ಆಗಿತ್ತು. ಅಡುಗೆಮನೆಯಲ್ಲಿ ಮಿಕ್ಸಿ ಹಾಕುವ ಮುಂಚೆಯೂ ಶಾಂತಾದೇವಿಯ ಕೈ ಲೈಟು ಆರಿಸಲು ತಾನಾಗಿ ಸ್ವಿಚ್ಚಿಗೆ ಹೋಗುತ್ತಿತ್ತು.

ಹೋದ ವರ್ಷ ಗಂಡಸಿ ಊರಿನ ನಡುಬೀದಿಯಲ್ಲಿ ಕಾರು ಕತ್ತಲಾಗಿ ನಿಂತು, ಮದುಮಗಳು ಇಳಿದು ನಡೆಯಬೇಕಾಯಿತು. ಆ ಅವಮಾನಕ್ಕೆ ದೇವೀರಪ್ಪ ಕಾರಿಗೆ ಟಾರ್ಪಾಲು ಹೊದಿಸಿಬಿಟ್ಟ. ಪ್ರವಾಸಿಗರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಲೆಂದು ಹಳೇಬೀಡು ರಸ್ತೆಯ ಹೋಟೆಲಿನವನೊಬ್ಬ ಅದನ್ನು ಕ್ರಯಕ್ಕೆ ಕೇಳಿಯೂ ಇದ್ದ. “ರಿಪೇರಿ ಮಾಡ್ತೀನಿ ಅನ್ನೋ ನಿನ್ನ ಮಾತಿಗೆ ಇದೊಂದು ಮೆರವಣಿಗೆ ನೋಡ್ತೀನಿ. ಕೆಟ್ರೆ ಹೋಟ್ಲೋನಿಗೇ,” ಎಂದು ಮಗಳಿಗೆ ಹೇಳಿದ್ದ ದೇವೀರಪ್ಪ.

ಪುಷ್ಪಲತಾ ಐ.ಟಿ.ಐ. ಮುಗಿಸಿ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ವೈಂಡಿಂಗ್ ಕೆಲಸ ಮಾಡುತ್ತಿದ್ದಳು. ಡೈನಮೋ ಬದಲು ಆಲ್ಟರ್ನೇಟರ್ ಹಾಕಿದರೆ ಇಂಜಿನ್ ನಿಧಾನವಾಗಿ ತಿರುಗಿದರೂ ಕರೆಂಟು ಬರುತ್ತದೆ ಎಂದರೆ, “ನಮ್ಮಪ್ಪನ ಗಾಡಿಗೆ ಬ್ಯಾರೆ ಗಾಡಿ ಮುಖ ಬ್ಯಾಡ,” ಎಂದು ಅಪ್ಪ ಅಡ್ಡ ನಿಂತ. ಅವಳು ಜಗಳವಾಡಲಿಲ್ಲ. ಹಳೆ ಡೈನಮೋ ಬಿಚ್ಚಿ, ತಿಕ್ಕಿ, ಹೊರಗಿನ ಚಿಪ್ಪನ್ನು ಹಾಗೇ ಉಳಿಸಿಕೊಂಡು ಒಳಗೆ ಆಲ್ಟರ್ನೇಟರನ್ನು ಕೂರಿಸಿದಳು. ತಾಮ್ರದ ತಂತಿಯನ್ನು ತಾನೇ ಸುತ್ತಿದಳು. ವಾರ್ನಿಷ್ ಹಚ್ಚಿದ ಸುರುಳಿಯನ್ನು ಹದವಾದ ಕಾವಿನಲ್ಲಿ ಒಣಗಿಸಬೇಕಾದಾಗ ಮಾತ್ರ ಅಮ್ಮನ ಹತ್ತಿರ ಬಂದಿದ್ದಳು.

“ಎಷ್ಟು ಕಾವು ಬೇಕೇ? ಹಾಲು ಕೆನೆಗಟ್ಟೋವಷ್ಟಾ?”

“ಇನ್ನೂ ಜಾಸ್ತಿ ಅಮ್ಮ.”

“ಕಡ್ಲೇಬೀಜ ಹುರಿಯೋವಷ್ಟು?”

“ಅಯ್ಯೋ, ಸೀದೋಗುತ್ತೆ. ಎರಡರ ಮಧ್ಯೆ. ಒಂದೇ ಸಮ ಇರ್ಬೇಕು.”

ಶಾಂತಾದೇವಿ ಬಚ್ಚಲ ಒಲೆಯಲ್ಲಿ ಕರಟದ ಕೆಂಡ ಹರಡಿ, ದಪ್ಪ ಬಾಣಲೆಯಲ್ಲಿ ಕಲ್ಲುಗಳ ಮೇಲೆ ಸುರುಳಿಯನ್ನು ಕೂರಿಸಿ ಮುಚ್ಚಿದಳು. ಬಟ್ಟೆ ಒಗೆಯುತ್ತ, ಅಕ್ಕಿ ಆರಿಸುತ್ತ, ಬಾಣಂತಿಯ ಕೋಣೆಗೆ ಹೋಗಿಬಂದಂತೆ ಮತ್ತೆ ಮತ್ತೆ ಹೋಗಿ ಕೆಂಡ ಕೆದಕಿ ಬರುತ್ತಿದ್ದಳು.

ಈಗ ಇಂಜಿನ್ ಗುರುಗುಟ್ಟುತ್ತಲೇ ಇತ್ತು. ಹೊಗೆಗೆ ಹಿಂದಿನವರು ಕೆಮ್ಮುತ್ತಿದ್ದರು. ಡಿಕ್ಕಿಯ ಮೇಲೆ ಎರಡೂ ಕೈ ಊರಿಕೊಂಡೇ ಬರುತ್ತಿದ್ದ ಮದುಮಗಳ ಸೋದರಮಾವ ಮರುಳಪ್ಪ ಕೂಗಿದ: “ಯಜಮಾನ್ರೇ, ತಳ್ಳಾಕೆ ಜನ ರೆಡಿ ಅವ್ರೆ. ಎಲ್ಲಿ ನಿಲ್ತೈತೆ ಅಂತ ಮೊದ್ಲೇ ಹೇಳ್ಬಿಡಿ!”

ಹಿಂದೆಲ್ಲ ನಗು. ಮಗಳ ಕಿವಿ ಕೆಂಪಾದದ್ದು ಶಾಂತಾದೇವಿಗೆ ಕಂಡಿತು.

“ರೀ, ಮಗು ಅಷ್ಟು ಹೇಳ್ತಾ ಇದಾಳೆ. ತೆಗೀರಿ ಕಾಲು.”

“ಕತ್ತಲಾದ್ರೆ?”

“ಆದ್ರೆ ನಾನೇ ಇಳಿದು ತಳ್ತೀನಿ.”

ಮದುಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ದೇವೀರಪ್ಪ ಕಾಲು ಸಡಿಲಿಸಿದ.

ಗುರುಗುಟ್ಟುವ ಸದ್ದು ಇಳಿಯಿತು. ಬಲ್ಬುಗಳು ಇಳಿಯಲಿಲ್ಲ. ಗುಡಿಬೀದಿ ಕಳೆಯಿತು, ಸಂತೆಮಾಳದ ತಿರುವೂ ಕಳೆಯಿತು. ಮದುಮಗಳ ಕೆನ್ನೆಯ ಮೇಲೆ ಬಿದ್ದ ಕೆಂಪು ಬೆಳಕು ಒಮ್ಮೆಯೂ ಮಾಸಲಿಲ್ಲ. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಶಾಂತಾದೇವಿಗೆ ಕಾರಿನೊಳಗೆ ಓಲಗ ಕೇಳಿಸಿತು. ಹಿಂದೆ ತಿರುಗಿ ನೋಡಿದರೆ, ಮರುಳಪ್ಪ ಡಿಕ್ಕಿಯ ಮೇಲಿನ ಕೈ ತೆಗೆದು ಬೆನ್ನಿಗೆ ಕಟ್ಟಿಕೊಂಡು ನಡೆಯುತ್ತಿದ್ದ.

ಗಂಡ ಏನಾದರೂ ಹೇಳಿಯಾನೆಂದು ಅವಳು ಕಾದಳು. ಮಕ್ಕಳನ್ನು ಬಾಯಿಬಿಟ್ಟು ಹೊಗಳಿದ ಆಳೇ ಅಲ್ಲ ಅವನು, ಮಗಳು ಐ.ಟಿ.ಐ. ಪಾಸಾದಾಗಲೂ “ಹೂಂ” ಎಂದಿದ್ದ, ಅಷ್ಟೆ. ಈಗ ಅವನ ಹೆಬ್ಬೆರಳು ಸ್ಟಿಯರಿಂಗಿನ ನಡುವಿಗೆ ಹೋಯಿತು, ಹಿಂದೆ ಸರಿಯಿತು, ಮತ್ತೆ ಹೋಯಿತು.

ಪಾಂ!

ಓಲಗದವರು ಬೆಚ್ಚಿ ತಿರುಗಿದರು. ಬಲ್ಬುಗಳು ಮಿಟುಕಲಿಲ್ಲ. ದೇವೀರಪ್ಪ ಮತ್ತೊಮ್ಮೆ ಒತ್ತಿದ, ಈ ಸಲ ಉದ್ದಕ್ಕೆ.

“ಸಾಕು ಅಪ್ಪಾಜಿ, ಯಾರೂ ಅಡ್ಡ ಇಲ್ಲ.”

“ಗೊತ್ತೈತೆ, ಸುಮ್ನಿರೇ,” ಎಂದ ದೇವೀರಪ್ಪ, ಅಡ್ಡ ಯಾರೂ ಇಲ್ಲದ ರಸ್ತೆಯಲ್ಲಿ ಮದುವೆ ಛತ್ರದ ಬಾಗಿಲವರೆಗೂ ಹಾರನ್ ಒತ್ತುತ್ತಲೇ ಹೋದ.