ಅಕ್ಕನ ಟರ್ಕಿ ಮೊಟ್ಟೆಗಳು

ತೀರಿಹೋದ ಅಕ್ಕ ಸಾಕಿದ್ದ ಟರ್ಕಿ ಕೋಳಿಯನ್ನು ನಾಯಿ ಕಚ್ಚಿ ಕೊಂದ ಮೇಲೆ ಫಿಲೋಮಿನಾಗೆ ಉಳಿದದ್ದು ಅದಿಟ್ಟಿದ್ದ ಆರು ಮೊಟ್ಟೆಗಳು. ಅವನ್ನು ಅತ್ತೆಯ ನಾಟಿಕೋಳಿಯ ಕಾವಿಗೆ ಇಟ್ಟಳು. ಇಪ್ಪತ್ತೈದು ದಿನವಾದರೂ ಒಂದೂ ಮರಿಯಾಗಲಿಲ್ಲ.

"ಕೊಳೆತಿವೆ ಕಣೇ, ತಿಪ್ಪೆಗೆ ಎಸಿ. ಸುಮ್ನೆ ಕೂತು ಕೂತು ನನ್ನ ಕೋಳಿ ಒಣಗ್ತಿದೆ."

"ಟರ್ಕಿಗೆ ಇನ್ನೂ ನಾಲ್ಕು ದಿನ ಜಾಸ್ತಿ ಬೇಕೇನೋ, ಅತ್ತೆ."

"ಯಾವ ಕೋಳಿಗಾದರೂ ಇಪ್ಪತ್ತೊಂದೇ ದಿನ. ದಪ್ಪಗಿರೋಳು ಹನ್ನೊಂದು ತಿಂಗಳು ಹೊರ್ತಾಳಾ?"

ಫಿಲೋಮಿನಾ ಮೊಟ್ಟೆಗಳನ್ನು ಸೆರಗಿನಲ್ಲಿ ಹೊತ್ತು ತಿಪ್ಪೆಗೆ ಹೋದಳು. ನಾತಕ್ಕೆ ಹೆದರಿ ಮೂಗು ಮುಚ್ಚಿ, ಮುಖ ತಿರುಗಿಸಿ, ಎಲ್ಲವನ್ನೂ ಒಟ್ಟಿಗೆ ಕಲ್ಲಿನ ಮೇಲೆ ಸುರಿದಳು.

ನಾತ ಬರಲಿಲ್ಲ, ಒಡೆದ ಚಿಪ್ಪುಗಳ ನಡುವೆ ಇನ್ನೂ ಪೂರ್ತಿ ಬಲಿಯದ ಆರು ಒದ್ದೆ ಮರಿಗಳು ಉಸಿರಿಗಾಗಿ ಕೊಕ್ಕು ತೆರೆದು ಮುಚ್ಚುತ್ತಿದ್ದವು.