ಓಕುಳಿ ಕೊಡದೊಳಗಿನ ಉಂಗುರ

ಮದುವೆಗೆ ಮುಂಚೆ ಚಿತ್ಕಲಾ ಮತ್ತು ಗುರುದತ್ತ ಸರಿಯಾಗಿ ಮಾತನ್ನೂ ಆಡಿರಲಿಲ್ಲ. ತಾಳಿ ಕಟ್ಟಿದ ಮೇಲೆ, ಓಕುಳಿ ನೀರು ತುಂಬಿದ ಕೊಡದಲ್ಲಿ ಉಂಗುರ ಹುಡುಕುವ ಆಟಕ್ಕೆ ಇಬ್ಬರನ್ನೂ ಎದುರುಬದುರು ಕೂರಿಸಿದರು. ಉಂಗುರ ಯಾರ ಕೈಗೆ ಸಿಗುತ್ತದೋ ಮನೆಯಲ್ಲಿ ಅವರದೇ ಯಜಮಾನಿಕೆ.

ಇಬ್ಬರ ಕೈಗಳೂ ಕೊಡದೊಳಗೆ ಇಳಿದವು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ.

"ಬಿಡಬೇಡ ಕಣೇ!" ಹೆಣ್ಣಿನ ಕಡೆಯವರು ಕಿರುಚಿದರು.

"ಗಟ್ಟಿಯಾಗಿ ಹಿಡ್ಕೊಳೋ!" ಗಂಡಿನ ಕಡೆಯವರು ಕುಣಿದರು.

"ಸಿಕ್ತೇನೇ?" ಅಮ್ಮ ಬಗ್ಗಿ ಕೇಳಿದರು.

"ಸಿಕ್ಕಿದೆ ಅಮ್ಮ. ಇವರು ಬಿಡ್ತಾನೇ ಇಲ್ಲ" ಎಂದಳು ಚಿತ್ಕಲಾ, ತಲೆ ಎತ್ತದೆ.

"ಇವಳೇ ಬಿಡ್ತಿಲ್ಲ" ಎಂದ ಗುರುದತ್ತ, ನಗು ತಡೆಯಲಾರದೆ.

ಅಷ್ಟರಲ್ಲಿ ಸೋದರತ್ತೆ ಜನರನ್ನು ತಳ್ಳಿಕೊಂಡು ಓಡಿಬಂದರು.

"ತಡೀರಿ, ತಡೀರಿ! ಉಂಗುರ ಇನ್ನೂ ನನ್ ಬೆರಳಲ್ಲೇ ಇದೆ, ಕೊಡಕ್ಕೆ ಹಾಕೋದನ್ನೇ ಮರೆತಿದ್ದೆ!"